ಇಬ್ಬರೇ ಇದ್ದೇವೆ, ಅಲ್ಟಿಮೇಟ್ ಕಲಿಯಬಹುದಾ?

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 31. ಕೆಲಸ ಮೈಸೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಹೋದ ತಿಂಗಳು ಮೈಸೂರಿನ ಒಂದು ಮೈದಾನದಲ್ಲಿ ಹುಡುಗರು, ಹುಡುಗಿಯರು ಸೇರಿ ಫ್ರಿಸ್ಬೀ ಎಸೆದು ಆಡುತ್ತಿದ್ದುದನ್ನು ನೋಡಿದೆ. ಕೇಳಿದರೆ 'ಅಲ್ಟಿಮೇಟ್' ಅಂದರು. ರೆಫ್ರಿ ಇರಲಿಲ್ಲ. ನೋಡಿ ತುಂಬಾ ಆಸೆ ಆಯಿತು. ಮನೆಗೆ ಒಂದು ಫ್ರಿಸ್ಬೀ ತಂದು ನಾನು, ನನ್ನ ತಂಗಿ ಎಸೆದು ನೋಡಿದೆವು. ಅದು ಗಡಗಡ ನಡುಗಿ ಎಲ್ಲೋ ಹೋಗಿ ಬೀಳುತ್ತದೆ. ಶಾಲೆ ಬಿಟ್ಟ ಮೇಲೆ ನಾನು ಯಾವ ಆಟವನ್ನೂ ಆಡಿಲ್ಲ. ಏನೂ ಬಾರದೆ ಹೋಗಿ ಸೇರಿಕೊಂಡರೆ ಅವರ ಆಟ ಹಾಳಾಗುತ್ತದೆ ಅನ್ನೋ ಭಯ. ಇಬ್ಬರೇ ಎಲ್ಲಿಂದ ಶುರು ಮಾಡಬೇಕು? ರೆಫ್ರಿ ಇಲ್ಲದಿದ್ದರೆ ಜಗಳ ಆಗಲ್ವಾ?

ಉತ್ತರ: ಕಬಡ್ಡಿಗೆ ಇಬ್ಬರು ಸಾಲದು. ಖೋ ಖೋಗೂ ಸಾಲದು. ಅಲ್ಟಿಮೇಟ್ ಕಲಿಯೋಕೆ ಮಾತ್ರ ಇಬ್ಬರೇ ಚೆನ್ನ. ಹತ್ತು ವರ್ಷಕ್ಕಿಂತ ಜಾಸ್ತಿ ಮೈಸೂರಿನಲ್ಲಿ ಈ ಆಟ ಆಡಿಕೊಂಡು, ಹೊಸಬರಿಗೆ ಹೇಳಿಕೊಟ್ಟುಕೊಂಡು ಬಂದಿದ್ದೇನೆ. ಬೇಗ ಮುಂದೆ ಬಂದವರು ಯಾರು ಅಂತ ನೆನೆಸಿಕೊಂಡರೆ, ಜೋರಾಗಿ ಓಡುವವರ ಮುಖ ಕಣ್ಣಿಗೆ ಬರುವುದಿಲ್ಲ. ಮನೆಯಲ್ಲೇ ಎಸೆಯಲು ಒಬ್ಬ ಜೊತೆಗಾರ ಇದ್ದವರು ಕಣ್ಣಿಗೆ ಬರುತ್ತಾರೆ. ಅಣ್ಣ ತಮ್ಮ, ಹಾಸ್ಟೆಲ್ ರೂಮ್‌ಮೇಟ್, ಒಂದು ಸಲ ಒಬ್ಬ ಅಮ್ಮ ಮತ್ತು ಮಗ. ನಿಮಗೆ ತಂಗಿ ಇದ್ದಾಳೆ. ಎರಡರಿಂದ ಮೂರು ಜನ, ಮೂರರಿಂದ ಏಳೆಂಟು ಜನ, ಈ ದಾರಿಯಲ್ಲೇ ಹೇಳುತ್ತಾ ಹೋಗುತ್ತೇನೆ.

ಮೊದಲು ಆಟ ಏನು ಅಂತ ನಾಲ್ಕು ಮಾತು. ಪೂರ್ತಿ ಅಳತೆಯ ಮೈದಾನ 100 ಮೀಟರ್ ಉದ್ದ, 37 ಮೀಟರ್ ಅಗಲ. ಎರಡೂ ತುದಿಯಲ್ಲಿ 18 ಮೀಟರ್ ಆಳದ ಒಂದೊಂದು ಪಟ್ಟಿ ಇರುತ್ತದೆ. ಅದು ಎಂಡ್ ಝೋನ್. ತಂಡಕ್ಕೆ 7 ಜನ. ನೀವು ದಾಳಿ ಮಾಡುವ ಕಡೆಯ ಎಂಡ್ ಝೋನ್ ಒಳಗೆ ನಿಮ್ಮವರೊಬ್ಬರು ಡಿಸ್ಕ್, ಅಂದರೆ ಫ್ರಿಸ್ಬೀ, ಹಿಡಿದರೆ ಒಂದು ಪಾಯಿಂಟ್. ಡಿಸ್ಕ್ ಕೈಯಲ್ಲಿ ಇರುವಾಗ ಓಡುವ ಹಾಗಿಲ್ಲ. ಒಂದು ಕಾಲು ಊರಿಕೊಂಡು ಇನ್ನೊಂದನ್ನು ಸುತ್ತ ಎಲ್ಲಿ ಬೇಕಾದರೂ ಇಡಬಹುದು. 10 ಸೆಕೆಂಡಿನೊಳಗೆ ಎಸೆಯಬೇಕು. ಎಸೆದದ್ದು ನೆಲಕ್ಕೆ ಬಿದ್ದರೆ, ಗೆರೆ ಆಚೆ ಹೋದರೆ, ಎದುರಾಳಿ ಹಿಡಿದರೆ, ಡಿಸ್ಕ್ ಅವರ ಪಾಲು. ಯಾರೂ ಸೀಟಿ ಊದುವುದಿಲ್ಲ, ಅಲ್ಲಿಂದಲೇ ಆಟ ಉಲ್ಟಾ ತಿರುಗುತ್ತದೆ. ಮೈಗೆ ಮೈ ಗುದ್ದುವುದು ತಪ್ಪು. ಇಷ್ಟು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು.

ಹುಟ್ಟಿದ್ದು 1968ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಅನ್ನೋ ಊರಿನ ಕೊಲಂಬಿಯಾ ಹೈಸ್ಕೂಲಿನಲ್ಲಿ. ಶಾಲೆಯ ಹುಡುಗರೇ ಕಟ್ಟಿದ ಆಟ ಇದು. 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಆಟದ ವಿಶ್ವ ಒಕ್ಕೂಟಕ್ಕೆ ಪೂರ್ತಿ ಮಾನ್ಯತೆ ಕೊಟ್ಟಿತು. ಫ್ರಿಸ್ಬೀ ಅನ್ನೋದು ವ್ಯಾಮ್-ಓ ಕಂಪನಿಯ ಬ್ರ್ಯಾಂಡ್ ಹೆಸರು. ಅದಕ್ಕೇ ಆಡುವವರು ವಸ್ತುವಿಗೆ 'ಡಿಸ್ಕ್' ಅನ್ನುತ್ತಾರೆ, ಆಟಕ್ಕೆ ಸುಮ್ನೆ 'ಅಲ್ಟಿಮೇಟ್'. ನೀವು ಮೈದಾನಕ್ಕೆ ಹೋದಾಗ ಈ ಎರಡು ಪದ ಗೊತ್ತಿದ್ದರೆ ಮಾತು ಸಲೀಸು.

ಈಗ ನಿಮ್ಮ ನಡುಗುವ ಎಸೆತದ ವಿಷಯ. ನೀವು ಎಲ್ಲಿಂದ ತಂದಿರಿ ಅಂತ ಬರೆದಿಲ್ಲ. ಆಟಿಕೆ ಅಂಗಡಿಯದಾಗಿದ್ದರೆ ಅರ್ಧ ತಪ್ಪು ಅದರದ್ದೇ. ಆ ತೆಳು ಪ್ಲಾಸ್ಟಿಕ್ ತಟ್ಟೆಗೆ ತೂಕ ಇರುವುದಿಲ್ಲ, ಸ್ವಲ್ಪ ಗಾಳಿ ಬೀಸಿದರೂ ತಲೆ ಎತ್ತುತ್ತದೆ. ಅಲ್ಟಿಮೇಟ್ ಡಿಸ್ಕ್ 175 ಗ್ರಾಂ ತೂಗುತ್ತದೆ, ಅಡ್ಡಳತೆ ಸುಮಾರು 27 ಸೆಂಟಿಮೀಟರ್. ಕೈಯಲ್ಲಿ ಹಿಡಿದರೆ ಅಂಚು ದಪ್ಪ ಅನ್ನಿಸುತ್ತದೆ. ಆ ದಪ್ಪ ಅಂಚೇ ಅದನ್ನು ಸ್ಥಿರವಾಗಿ ಹಾರಿಸುವುದು. ಕೊಳ್ಳುವಾಗ '175 ಗ್ರಾಂ' ಅಂತ ಬರೆದಿದೆಯಾ ನೋಡಿ. ಡಿಸ್ಕ್‌ಕ್ರಾಫ್ಟ್‌ನ ಅಲ್ಟ್ರಾ-ಸ್ಟಾರ್ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮಾದರಿ. ಒಂದು ಸಾಧಾರಣ ಕ್ರಿಕೆಟ್ ಬ್ಯಾಟ್‌ಗಿಂತ ಜಾಸ್ತಿ ಖರ್ಚಾಗುವುದಿಲ್ಲ, ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಈ ಆಟಕ್ಕೆ ಬೇಕಾದ ಸಾಮಾನು ಅಷ್ಟೇ.

ಉಳಿದ ಅರ್ಧ ತಪ್ಪು ಮಣಿಕಟ್ಟಿನದ್ದು. ಬುಗುರಿ ಆಡಿದ್ದೀರಲ್ವಾ? ಜೋರಾಗಿ ತಿರುಗುವಷ್ಟು ಹೊತ್ತು ಬುಗುರಿ ಕದಲದೆ ನಿಂತಿರುತ್ತದೆ. ತಿರುಗುವುದು ಕಡಿಮೆಯಾದ ಕೂಡಲೇ ತಲೆ ಓಲಾಡಿಸಿ ಬೀಳುತ್ತದೆ. ಡಿಸ್ಕ್ ಗಾಳಿಯಲ್ಲಿ ಮಲಗಿಸಿದ ಬುಗುರಿ. ಅದು ನಡುಗುತ್ತಿದೆ ಅಂದರೆ ತಿರುಗು ಸಾಲದು ಅಂತ ಅರ್ಥ. ಹೊಸಬರು ದೂರ ಹೋಗಲಿ ಅಂತ ಇಡೀ ತೋಳಿನಿಂದ ಬೀಸುತ್ತಾರೆ. ತೋಳು ಡಿಸ್ಕನ್ನು ಮುಂದೆ ತಳ್ಳುತ್ತದೆ, ತಿರುಗಿಸುವುದಿಲ್ಲ. ತಿರುಗಿಸುವುದು ಮಣಿಕಟ್ಟು. ಒಗೆದ ಬಟ್ಟೆಯನ್ನು ತಂತಿಗೆ ಹಾಕುವ ಮುಂಚೆ ಒಂದು ಸಲ 'ಫಟ್' ಅಂತ ಕೊಡವುತ್ತೇವಲ್ಲ, ಆ ಕೊನೆಯ ಕ್ಷಣದ ಒದರು, ಅದೇ ಬೇಕಾಗಿರುವುದು. ಕೈ ಮುಂದೆ ಹೋಗಿ ತಟ್ಟನೆ ನಿಲ್ಲಬೇಕು. ನಿಂತ ಕ್ಷಣಕ್ಕೆ ಡಿಸ್ಕ್ ತಾನೇ ಬೆರಳಿಂದ ಕಿತ್ತುಕೊಂಡು ಹೋಗಬೇಕು.

ಬ್ಯಾಕ್‌ಹ್ಯಾಂಡ್‌ನಿಂದ ಶುರು ಮಾಡಿ. ನೀವು ಬಲಗೈಯವರು ಅಂತ ಅಂದುಕೊಂಡು ಹೇಳುತ್ತೇನೆ. ಹೆಬ್ಬೆರಳು ಡಿಸ್ಕ್ ಮೇಲೆ, ಉಳಿದ ನಾಲ್ಕು ಬೆರಳು ಒಳ ಅಂಚಿಗೆ ಮಡಿಸಿ ಬಿಗಿಯಾಗಿ. ಬಲಗಾಲನ್ನು ದೇಹದ ಮುಂದಿನಿಂದ ಎಡಕ್ಕೆ ಅಡ್ಡ ಹಾಕಿ ಊರಿ. ಆಗ ಬಲ ಭುಜ ತಂಗಿಯ ಕಡೆ ತಿರುಗಿರುತ್ತದೆ. ಡಿಸ್ಕನ್ನು ಎಡ ಸೊಂಟದ ಹತ್ತಿರ ತಂದು, ನೆಲಕ್ಕೆ ಸಮನಾಗಿ ಎಳೆದು ಬಿಡಿ. ಹೊರಗಿನ ಅಂಚು, ಅಂದರೆ ನಿಮ್ಮಿಂದ ದೂರ ಇರುವ ಅಂಚು, ಕೂದಲೆಳೆಯಷ್ಟು ಕೆಳಗೆ ಬಾಗಿರಲಿ. ಆ ಅಂಚು ಮೇಲೆದ್ದರೆ ಡಿಸ್ಕ್ ಮಗುಚಿಕೊಂಡು ಬಲಕ್ಕೆ ಜಾರಿ ನೆಲಕ್ಕೆ ಹೊಡೆಯುತ್ತದೆ. 'ಎಲ್ಲೋ ಹೋಗಿ ಬೀಳುತ್ತದೆ' ಅಂತ ಬರೆದಿದ್ದೀರಲ್ಲ, ಅದು ಹೆಚ್ಚಾಗಿ ಇದೇ. ಎಸೆದ ಮೇಲೆ ನಿಮ್ಮ ತೋರುಬೆರಳು ತಂಗಿಯ ಎದೆಯ ಕಡೆ ತೋರಿಸುತ್ತಾ ನಿಲ್ಲಬೇಕು. ಆಕಾಶ ತೋರಿಸುತ್ತಿದ್ದರೆ ಡಿಸ್ಕ್ ಕೂಡ ಆಕಾಶಕ್ಕೇ ಹೋಗಿರುತ್ತದೆ.

ದೂರ ಜಾಸ್ತಿ ಇಟ್ಟುಕೊಳ್ಳಬೇಡಿ. ಐದು ಮೀಟರ್. ನಗಬೇಡಿ, ಐದೇ ಮೀಟರ್. ಇಬ್ಬರಿಗೂ ಸೇರಿ ಹತ್ತು ಎಸೆತ ಒಂದೂ ನೆಲಕ್ಕೆ ಬೀಳದೆ ಕೈಗೆ ಬಂದರೆ ಒಬ್ಬೊಬ್ಬರೂ ಒಂದು ಹೆಜ್ಜೆ ಹಿಂದೆ. ಬಿದ್ದರೆ ಅಲ್ಲೇ ಮತ್ತೆ ಒಂದರಿಂದ ಎಣಿಕೆ. ದಿನಾ ಇಪ್ಪತ್ತು ನಿಮಿಷ ಹೀಗೆ ಮಾಡಿದವರು ಒಂದು ತಿಂಗಳಲ್ಲಿ ಹದಿನೈದು ಮೀಟರ್ ಮುಟ್ಟಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೈದಾನದಲ್ಲಿ ಬಂದವರೆಲ್ಲ ಸೇರಿ ಆಡುವ ಪಿಕಪ್ ಆಟದಲ್ಲಿ ಹೊಸಬರಿಂದ ಯಾರೂ ಅದಕ್ಕಿಂತ ಜಾಸ್ತಿ ಕೇಳುವುದಿಲ್ಲ.

ಹಿಡಿಯುವುದನ್ನು ಎರಡೂ ಕೈಯಿಂದಲೇ ಕಲಿಯಿರಿ. ಒಂದು ಅಂಗೈ ಮೇಲೆ, ಒಂದು ಕೆಳಗೆ, ಮಧ್ಯದಲ್ಲಿ ಡಿಸ್ಕ್. ಮೊಸಳೆ ಬಾಯಿ ಮುಚ್ಚಿದ ಹಾಗೆ. ಪ್ಯಾನ್‌ಕೇಕ್ ಕ್ಯಾಚ್ ಅಂತ ಹೆಸರು. ನೋಡಲು ಸ್ಟೈಲ್ ಇಲ್ಲ, ಆದರೆ ಬಿಡುವುದಿಲ್ಲ. ತಲೆಗಿಂತ ಮೇಲೆ ಬಂದರೆ ಎರಡೂ ಕೈಯಲ್ಲಿ ಅಂಚು ಹಿಡಿಯಿರಿ, ಹೆಬ್ಬೆರಳು ಡಿಸ್ಕ್ ಕೆಳಗೆ. ಮೊಣಕಾಲಿಗಿಂತ ಕೆಳಗೆ ಬಂದರೆ ಹೆಬ್ಬೆರಳು ಮೇಲೆ. ಮುಖ್ಯವಾಗಿ, ನಿಂತು ಕಾಯಬೇಡಿ. ಡಿಸ್ಕ್ ಕಡೆಗೆ ಎರಡು ಹೆಜ್ಜೆ ನಡೆದು ಹಿಡಿಯಿರಿ. ಈ ಅಭ್ಯಾಸ ಇಬ್ಬರೇ ಇರುವಾಗ ಬಂದರೆ, ಮುಂದೆ ಎದುರಾಳಿ ಅಡ್ಡ ಬಂದು ಕಸಿಯುವುದು ತಾನೇ ತಪ್ಪುತ್ತದೆ.

ಇನ್ನು ಬಲಗಡೆಯಿಂದ ಎಸೆಯುವ ಫೋರ್‌ಹ್ಯಾಂಡ್. ಅದಕ್ಕೆ ನಮ್ಮವರು ಫ್ಲಿಕ್ ಅನ್ನುತ್ತಾರೆ. ಇದು ಕಷ್ಟ. ಎಲ್ಲರಿಗೂ ಕಷ್ಟ, ವಾರಗಟ್ಟಲೆ ಸತಾಯಿಸುತ್ತದೆ. ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಡಿಸ್ಕ್ ಅಡಿಯಲ್ಲಿ ಇಟ್ಟು, ಮಧ್ಯದ ಬೆರಳಿನ ಪಕ್ಕ ಒಳ ಅಂಚಿಗೆ ಒತ್ತಿರಬೇಕು. ಹೆಬ್ಬೆರಳು ಮೇಲೆ. ಅಂಗೈ ಆಕಾಶ ನೋಡಬೇಕು, ಮೊಣಕೈ ಸೊಂಟದ ಹತ್ತಿರ ಇರಬೇಕು. ಇನ್ನು ಎಡಗೈಯಿಂದ ನಿಮ್ಮ ಬಲಗೈಯ ಮುಂದೋಳನ್ನು, ಮಣಿಕಟ್ಟಿಗೆ ಸ್ವಲ್ಪ ಹಿಂದೆ, ಗಟ್ಟಿಯಾಗಿ ಹಿಡಿದುಕೊಳ್ಳಿ. ಈಗ ಬರೀ ಮಣಿಕಟ್ಟಿನಿಂದ, ಕೈ ತೊಳೆದು ನೀರು ಕೊಡವುವ ಹಾಗೆ, ಮೂರು ಮೀಟರ್ ದೂರದ ತಂಗಿಗೆ ಎಸೆಯಿರಿ. ಒಂದು ವಾರ ಬರೀ ಇದನ್ನೇ ಮಾಡಿ. ಒಂದು ದಿನ ಇದ್ದಕ್ಕಿದ್ದ ಹಾಗೆ ಡಿಸ್ಕ್ 'ಝುಂ' ಅಂತ ನೇರ ಹೋಗುತ್ತದೆ, ಮುಂದಿನದು ಮತ್ತೆ ನಡುಗುತ್ತದೆ. ಆ ಒಂದು ಎಸೆತದಲ್ಲಿ ಕೈ ಏನು ಮಾಡಿತು ಅಂತ ಅಲ್ಲೇ ನಿಂತು ನೆನಪು ಮಾಡಿಕೊಳ್ಳಿ. ತಲೆ ಕೆಳಗಾಗಿ ಹಾರುವ ಹ್ಯಾಮರ್ ಅನ್ನೋ ಎಸೆತವನ್ನು ಹುಡುಗರು ತೋರಿಸಲು ಬರುತ್ತಾರೆ. ಚಂದ ಇದೆ, ಆದರೆ ಈಗ ಬೇಡ. ಭುಜ ನೋವು ಬರುತ್ತದೆ, ಅಷ್ಟೇ.

ಜಾಗ, ಹೊತ್ತು ಕೂಡ ಲೆಕ್ಕಕ್ಕೆ ಬರುತ್ತದೆ. ಮಂಡ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಇದೆ, ಬೆಳಿಗ್ಗೆ ವಾಕಿಂಗ್ ಬರುವವರನ್ನು ಬಿಟ್ಟು ಒಂದು ಮೂಲೆ ಹಿಡಿಯಿರಿ. ಮೈಸೂರಿನಲ್ಲಿ ಮಹಾರಾಜ ಕಾಲೇಜು ಮೈದಾನದಂಥ ದೊಡ್ಡ ಬಯಲುಗಳಿವೆ. ಕಾಲೇಜು ಮೈದಾನವಾದರೆ ಒಂದು ಮಾತು ಕೇಳಿ ಒಳಗೆ ಹೋಗುವುದು ಒಳ್ಳೆಯದು. ಭಾನುವಾರ ಬೆಳಿಗ್ಗೆ ಮಾತ್ರ ಬೇಡ. ಒಂದೇ ಮೈದಾನದಲ್ಲಿ ಐದಾರು ಕ್ರಿಕೆಟ್ ಮ್ಯಾಚ್ ನಡೆಯುತ್ತಿರುತ್ತವೆ, ಯಾವ ಕಡೆಯಿಂದ ಚೆಂಡು ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ವಾರದ ದಿನ ಬೆಳಿಗ್ಗೆ ಆರರಿಂದ ಏಳರವರೆಗೆ ಚೆನ್ನ. ಗಾಳಿ ಕೂಡ ಆಗ ಮಲಗಿರುತ್ತದೆ.

ಗಾಳಿ ಅಂದೆನಲ್ಲ, ನಮ್ಮ ಕಡೆ ಆಷಾಢದ ಗಾಳಿ ಹೇಗೆ ಅಂತ ನಿಮಗೇ ಗೊತ್ತು. ಗಾಳಿಪಟಕ್ಕೆ ಹಬ್ಬ, ಡಿಸ್ಕ್‌ಗೆ ಪರೀಕ್ಷೆ. ಎದುರುಗಾಳಿಗೆ ಎಸೆದರೆ ಡಿಸ್ಕ್ ಮೇಲೆದ್ದು ನಿಂತುಬಿಡುತ್ತದೆ, ಕೆಲವೊಮ್ಮೆ ವಾಪಸ್ ನಿಮ್ಮ ಕಡೆಗೇ ಬರುತ್ತದೆ. ಹಿಂದಿನಿಂದ ಗಾಳಿ ಬೀಸಿದರೆ ಬೇಗ ಕೆಳಗೆ ಕುಸಿಯುತ್ತದೆ. ಎದುರುಗಾಳಿಯಲ್ಲಿ ಡಿಸ್ಕ್‌ನ ಮೂಗು, ಅಂದರೆ ಮುಂದಿನ ಅಂಚು, ಸ್ವಲ್ಪ ಕೆಳಗಿಟ್ಟು, ಕೆಳಮಟ್ಟದಲ್ಲಿ, ತಿರುಗು ಜಾಸ್ತಿ ಕೊಟ್ಟು ಎಸೆಯಿರಿ. ಗಾಳಿ ಇದ್ದಾಗ ಜಾಸ್ತಿ ಬಲ ಹಾಕಬೇಕು ಅನ್ನಿಸುತ್ತದೆ. ಬೇಕಾಗಿರುವುದು ಜಾಸ್ತಿ ತಿರುಗು. ನಾನು ಹೊಸಬರನ್ನು ಬೇಕೆಂದೇ ಆಷಾಢದಲ್ಲಿ ಎಸೆಯಲು ಕರೆದುಕೊಂಡು ಹೋಗುತ್ತೇನೆ. ಆ ಗಾಳಿಯಲ್ಲಿ ಹತ್ತು ಮೀಟರ್ ಎಸೆದವರಿಗೆ ಕಾರ್ತಿಕದಲ್ಲಿ ಇಪ್ಪತ್ತು ಮೀಟರ್ ಸಲೀಸು. ಆದರೆ ಗಾಳಿಪಟ ಹಾರಿಸುವವರ ಹತ್ತಿರ ಹೋಗಬೇಡಿ. ಓಡುವಾಗ ಮಾಂಜಾ ದಾರ ಕಣ್ಣಿಗೆ ಕಾಣುವುದಿಲ್ಲ, ಕತ್ತು ಕೊಯ್ಯುತ್ತದೆ.

ಇನ್ನು ಮೂರನೆಯವರು. ಒಬ್ಬ ಗೆಳತಿಯನ್ನೋ ಪಕ್ಕದ ಮನೆಯ ಹುಡುಗನನ್ನೋ ಎಳೆದುಕೊಂಡು ಬನ್ನಿ. ಮೂರು ಜನ ಆದ ಕೂಡಲೇ ಇದು ಆಟ ಆಗುತ್ತದೆ, ಯಾಕೆಂದರೆ ಈಗ ಅಡ್ಡ ನಿಲ್ಲಲು ಒಬ್ಬರು ಸಿಕ್ಕರು. ಅವರಿಗೆ ಮಾರ್ಕರ್ ಅನ್ನುತ್ತಾರೆ. ಎಸೆಯುವವರ ಮುಂದೆ ಮಾರ್ಕರ್ ಕೈ ಚಾಚಿ ನಿಂತು 'ಸ್ಟಾಲಿಂಗ್ ಒನ್, ಟೂ, ತ್ರೀ' ಅಂತ ಸೆಕೆಂಡಿಗೊಂದರಂತೆ ಜೋರಾಗಿ ಎಣಿಸಬೇಕು. 'ಟೆನ್' ಬಾಯಿಗೆ ಬಂದಾಗ ಡಿಸ್ಕ್ ಇನ್ನೂ ಕೈಯಲ್ಲೇ ಇದ್ದರೆ ಹೋಯಿತು. ತೀರಾ ಮೈಮೇಲೆ ಬೀಳುವ ಹಾಗಿಲ್ಲ. ಇಬ್ಬರ ಮಧ್ಯೆ ಒಂದು ಡಿಸ್ಕ್‌ನ ಅಡ್ಡಳತೆಯಷ್ಟು ಜಾಗ ಇರಲೇಬೇಕು, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಎಸೆದವರು ತಮ್ಮ ಎಸೆತದ ಹಿಂದೆಯೇ ಓಡಿ ಹೋಗಿ, ಹಿಡಿದವರ ಮುಂದೆ ಮಾರ್ಕರ್ ಆಗಬೇಕು. ಮೂವರೂ ಹೀಗೆ ಸುತ್ತುತ್ತಾ ಇರಿ. ಹತ್ತು ನಿಮಿಷಕ್ಕೆ ಬೆವರು ಇಳಿಯುತ್ತದೆ.

ಎರಡು ಎಸೆತ ಯಾಕೆ ಬೇಕು ಅನ್ನೋದು ಈ ಸುತ್ತಾಟದಲ್ಲಿ ತಾನೇ ತಿಳಿಯುತ್ತದೆ. ಮಾರ್ಕರ್ ಎಡಗಡೆ ಮುಚ್ಚಿದರೆ ಬ್ಯಾಕ್‌ಹ್ಯಾಂಡ್ ಸತ್ತಿತು, ಬಲಕ್ಕೆ ಚಾಚಿ ಫ್ಲಿಕ್ ಎಸೆಯಬೇಕು. ಬಲ ಮುಚ್ಚಿದರೆ ಉಲ್ಟಾ. ಎಡಕ್ಕೆ ಎಸೆಯುವ ಹಾಗೆ ತೋರಿಸಿ ಬಲಕ್ಕೆ ಕಾಲು ಚಾಚುವುದು, ಊರಿದ ಕಾಲು ಕದಲಿಸದೆ ಇರುವುದು, ಹತ್ತು ಸೆಕೆಂಡ್ ಎಷ್ಟು ದೊಡ್ಡದು ಅನ್ನೋ ಅಂದಾಜು, ಎಲ್ಲ ಇಲ್ಲೇ ಬರುತ್ತದೆ. ಹೊಸಬರು ಡಿಸ್ಕ್ ಕೈಗೆ ಬಂದ ಕೂಡಲೇ ಗಾಬರಿಯಿಂದ ಎಸೆದುಬಿಡುತ್ತಾರೆ. ಕೈಗೆ ಬಂದ ಮೇಲೆ ಒಂದು ಉಸಿರು ಎಳೆದುಕೊಳ್ಳಿ. ಹತ್ತರಲ್ಲಿ ಎರಡು ಸೆಕೆಂಡ್ ಹೋಯಿತು, ಇನ್ನೂ ಎಂಟು ಇದೆ.

ಈಗ ನೀವು ಪಿಕಪ್‌ಗೆ ತಯಾರು. ಪಿಕಪ್ ಅಂದರೆ ತಂಡ, ಹೆಸರು ನೋಂದಣಿ ಏನೂ ಇಲ್ಲದೆ, ಅಂದು ಬಂದವರು ಅಲ್ಲೇ ಎರಡು ಪಾಲಾಗಿ ಆಡುವುದು. ನೀವು ಮೈಸೂರಿನಲ್ಲಿ ನೋಡಿದ್ದು ಬಹುಶಃ ಅದನ್ನೇ. ಎಷ್ಟೋ ಊರುಗಳಲ್ಲಿ ಪಿಕಪ್‌ನವರು ಪಾಲಿಸುವ ಒಂದು ಪದ್ಧತಿ ಇದೆ: ಒಂದು ಬಿಳಿ ಟೀ ಶರ್ಟ್, ಒಂದು ಗಾಢ ಬಣ್ಣದ ಟೀ ಶರ್ಟ್ ಎರಡನ್ನೂ ಬ್ಯಾಗಿನಲ್ಲಿ ತರುವುದು. ಯಾವ ಕಡೆ ಹಾಕಿದರೂ ತೊಂದರೆ ಇಲ್ಲ. ನೀವು ಎರಡೂ ಹಿಡಿದುಕೊಂಡು ಹೋದರೆ 'ಇವರಿಗೆ ಆಟ ಗೊತ್ತು' ಅಂತ ಅಂದುಕೊಳ್ಳುತ್ತಾರೆ. ಹೋಗಿ 'ಹೊಸಬಳು, ಸೇರಿಕೊಳ್ಳಬಹುದಾ?' ಅಂತ ಕೇಳಿ. ಆಟ ಹಾಳಾಗುತ್ತದೆ ಅನ್ನೋ ಭಯ ಬಿಡಿ. ಪಿಕಪ್‌ನವರಿಗೆ ಯಾವಾಗಲೂ ಒಬ್ಬರೋ ಇಬ್ಬರೋ ಕಡಿಮೆ ಇರುತ್ತಾರೆ.

ಮಂಡ್ಯದಲ್ಲೇ ಶುರು ಮಾಡುವ ಆಸೆ ಇದ್ದರೆ ಆರು ಜನ ಸಾಕು, ಮೂರು ಮೂರು. ಅಳತೆ ಪಟ್ಟಿ ಬೇಡ. ನಲವತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲ, ಎರಡೂ ಕಡೆ ಆರು ಹೆಜ್ಜೆಯ ಎಂಡ್ ಝೋನ್. ಮೂಲೆಗೆ ಚಪ್ಪಲಿ ಇಡಿ. ಹುಡುಗರು ಬಂದು 'ಏನಿದು' ಅಂತ ಕೇಳುತ್ತಾರೆ. ಹಾಗೆ ಕೇಳಿದವರ ಕೈಗೆ ಡಿಸ್ಕ್ ಕೊಟ್ಟುಬಿಡಿ. ಎಂಟು ಹತ್ತು ಜನ ಆಗೋದು ಹಾಗೇ.

ಮೈದಾನದೊಳಗೆ ಹೊಸಬರು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತಾ? ಎಸೆಯಲು ಬಾರದಿರುವುದು ಅಂತ ನೀವು ಅಂದುಕೊಂಡಿದ್ದೀರಿ. ಅದಲ್ಲ. ಎಲ್ಲರೂ ಒಟ್ಟಿಗೆ ಡಿಸ್ಕ್ ಇರುವವರ ಕಡೆ ಓಡಿಬಂದು 'ನಂಗೆ, ನಂಗೆ' ಅಂತ ಕೈ ಎತ್ತಿ ನಿಲ್ಲುವುದು. ನೀವು ದಿನಾ ರೈಲಿನಲ್ಲಿ ಓಡಾಡುವವರು. ಮಂಡ್ಯ ಸ್ಟೇಷನ್‌ನಲ್ಲಿ ಬೆಳಗಿನ ಗಾಡಿ ಬಂದಾಗ ಬಾಗಿಲ ಹತ್ತಿರ ಏನಾಗುತ್ತದೆ ನೋಡಿದ್ದೀರಿ. ಇಳಿಯುವವರಿಗೆ ದಾರಿ ಬಿಡದೆ ಎಲ್ಲರೂ ಹತ್ತಲು ನುಗ್ಗಿದರೆ ಒಬ್ಬರೂ ಒಳಗೆ ಹೋಗಲು ಆಗುವುದಿಲ್ಲ. ಅಲ್ಟಿಮೇಟ್‌ನಲ್ಲೂ ಅಷ್ಟೇ. ಡಿಸ್ಕ್ ಬರಬೇಕಾದ ಜಾಗ ಖಾಲಿ ಇರಬೇಕು. ಅದಕ್ಕೇ ಓಡುವವರು ಮೈದಾನದ ಮಧ್ಯೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲುತ್ತಾರೆ. ಆ ಸಾಲಿಗೆ ಸ್ಟ್ಯಾಕ್ ಅಂತ ಹೆಸರು. ಒಮ್ಮೆಗೆ ಒಬ್ಬರು ಮಾತ್ರ ಸಾಲಿನಿಂದ ಸಿಡಿದು ಪಕ್ಕದ ಖಾಲಿ ಜಾಗಕ್ಕೆ ಓಡುತ್ತಾರೆ. ಡಿಸ್ಕ್ ಬಂದರೆ ಸರಿ. ಬರಲಿಲ್ಲವೋ, ಅಲ್ಲಿ ನಿಲ್ಲದೆ ಅಂಚಿನ ಕಡೆಯಿಂದ ಸುತ್ತಿ ಮತ್ತೆ ಸಾಲಿನ ಹಿಂದಕ್ಕೆ. ಈ ವಾಪಸ್ ಹೋಗುವುದನ್ನು ಕ್ಲಿಯರ್ ಮಾಡುವುದು ಅನ್ನುತ್ತಾರೆ. ಕ್ಲಿಯರ್ ಮಾಡಲು ಗೊತ್ತಿರುವ ಹೊಸಬರು ಒಂದೇ ಒಂದು ಡಿಸ್ಕ್ ಮುಟ್ಟದಿದ್ದರೂ ಅವರನ್ನು ಎಲ್ಲರೂ ತಮ್ಮ ಕಡೆಗೆ ಕರೆಯುತ್ತಾರೆ. ಇದು ನಾನು ತುಂಬಾ ನಂಬಿರುವ ಮಾತು.

ಓಡುವ ಬಗೆ ನಿಮಗೆ ಹೊಸದಲ್ಲ. ಶಾಲೆಯಲ್ಲಿ ಖೋ ಖೋ ಆಡಿರುತ್ತೀರಿ. ಒಂದು ಕಡೆ ಮೂರು ಹೆಜ್ಜೆ ಪೂರ್ತಿ ಜೋರಾಗಿ ಓಡಿ, ಬೆನ್ನಟ್ಟುವವರು ನಂಬಿದ ಕೂಡಲೇ ಗಕ್ಕನೆ ಇನ್ನೊಂದು ಕಡೆ ತಿರುಗುವುದು. ನಮ್ಮ ಜಿಲ್ಲೆಗಳ ಮಕ್ಕಳಿಗೆ ಇದು ರಕ್ತದಲ್ಲೇ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು, ಪುರುಷರ ತಂಡದಲ್ಲಿ ಮಂಡ್ಯ ಜಿಲ್ಲೆಯ ಗೌತಮ್ ಇದ್ದರು. ಖೋ ಖೋ ಆಡಿ ಬಂದವರು ಅಲ್ಟಿಮೇಟ್‌ಗೆ ಬಂದ ಮೊದಲ ದಿನವೇ ಎದುರಾಳಿಯನ್ನು ತಪ್ಪಿಸಿಬಿಡುತ್ತಾರೆ. ಹಿಡಿಯುವುದೊಂದನ್ನು ಕಲಿಸಿದರೆ ಸಾಕು.

ಡಿಸ್ಕ್ ಕೈಗೆ ಬಂತು ಅಂದುಕೊಳ್ಳಿ. ಮುಂದೆ ಯಾರೂ ಕಾಣುತ್ತಿಲ್ಲ. ದೂರಕ್ಕೆ ಬೀಸಬೇಡಿ. ಹಿಂದೆ ಅಥವಾ ಪಕ್ಕದಲ್ಲಿ ಐದಾರು ಮೀಟರ್ ದೂರದಲ್ಲಿ ಅನುಭವ ಇರುವ ಒಬ್ಬರು ನಿಂತಿರುತ್ತಾರೆ, ಅವರು ಹ್ಯಾಂಡ್ಲರ್. ಅವರ ಕಣ್ಣು ನೋಡಿ, ಮೆತ್ತಗೆ ವಾಪಸ್ ಕೊಡಿ. ಇದಕ್ಕೆ ಡಂಪ್ ಅನ್ನುತ್ತಾರೆ. ಹಿಂದಕ್ಕೆ ಕೊಡುವುದು ಸೋತ ಹಾಗೆ ಅಂತ ಹೊಸಬರಿಗೆ ಅನ್ನಿಸುತ್ತದೆ. ಡಿಸ್ಕ್ ನಿಮ್ಮ ತಂಡದ ಹತ್ತಿರವೇ ಉಳಿಯಿತಲ್ಲ, ಅದು ದೊಡ್ಡ ಕೆಲಸ. ರಕ್ಷಣೆಯಲ್ಲಿ ಇರುವಾಗ ಇನ್ನೂ ಸುಲಭ. ಪಾಯಿಂಟ್ ಶುರುವಾಗುವ ಮುಂಚೆ ಎದುರಿನವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅವರು ಎಲ್ಲಿ ಹೋದರೂ ಜೊತೆಗೆ ಹೋಗಿ. ಡಿಸ್ಕ್ ಗಾಳಿಯಲ್ಲಿದ್ದಾಗ ನಿಮ್ಮವರು 'ಅಪ್!' ಅಂತ ಕೂಗುತ್ತಾರೆ, ಆಗ ಮಾತ್ರ ತಲೆ ತಿರುಗಿಸಿ ನೋಡಿ.

ನಿಮ್ಮ ಜಗಳದ ಪ್ರಶ್ನೆಗೆ ಬರುತ್ತೇನೆ. ಇದೇ ಈ ಆಟದ ಜೀವಾಳ. ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ರೆಫ್ರಿಗಳಿದ್ದಾರೆ. ಅದು ಬಿಟ್ಟರೆ, ಆಟದ ವಿಶ್ವ ಒಕ್ಕೂಟ ನಡೆಸುವ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ತೀರ್ಮಾನ ಆಟಗಾರರದ್ದೇ. ಸಲಹೆಗಾರರು ಇರಬಹುದು, ಕೊನೆಯ ಮಾತು ಅವರದ್ದಲ್ಲ. ಯಾರಿಗೆ ತಪ್ಪಾಗಿದೆ ಅನ್ನಿಸಿತೋ ಅವರು 'ಫೌಲ್' ಅಂತ ಕೂಗುತ್ತಾರೆ. ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಎದುರಿನವರು ಒಪ್ಪಿದರೆ 'ನೋ ಕಂಟೆಸ್ಟ್', ಫೌಲ್ ಕೂಗಿದವರಿಗೆ ನ್ಯಾಯ ಸಿಗುತ್ತದೆ. ಒಪ್ಪದಿದ್ದರೆ 'ಕಂಟೆಸ್ಟ್', ಆಗ ಸಾಮಾನ್ಯವಾಗಿ ಡಿಸ್ಕ್ ಎಸೆದವರ ಕೈಗೆ ವಾಪಸ್ ಹೋಗಿ ಆ ಎಸೆತ ಮತ್ತೆ ನಡೆಯುತ್ತದೆ. ಯಾರು ಸರಿ ಅಂತ ತೀರ್ಮಾನ ಆಗಲೇಬೇಕು ಅಂತ ಇಲ್ಲ. ಹತ್ತಿಪ್ಪತ್ತು ಸೆಕೆಂಡಿನ ಮಾತು, ಆಟ ಮುಂದಕ್ಕೆ. ಹೀಗಾಗಿ ಜಗಳಕ್ಕೆ ಹಿಡಿದುಕೊಳ್ಳಲು ಕೊಂಬೆ ಸಿಗುವುದಿಲ್ಲ.

ಒಂದು ಸಂಜೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೈಸೂರಿನಲ್ಲಿ, ಮಳೆ ಬಂದು ನಿಂತ ಸಂಜೆ, ಕೊನೇ ಪಾಯಿಂಟ್. ಎರಡೂ ಕಡೆ ಸ್ಕೋರು ಸಮ. ಪಿಯುಸಿ ಓದುತ್ತಿದ್ದ ಹುಡುಗ ಒಬ್ಬ ಎಂಡ್ ಝೋನ್ ಮೂಲೆಗೆ ಓಡಿದ. ಡಿಸ್ಕ್ ಅವನ ಮುಂದೆ ಇಳಿಯುತ್ತಿತ್ತು. ಉದ್ದಕ್ಕೆ ಜಾರಿ ಕೈ ಚಾಚಿದ. ಎದ್ದಾಗ ಡಿಸ್ಕ್ ಅವನ ಕೈಯಲ್ಲಿತ್ತು. ಅವನ ತಂಡ ಕುಣಿಯಲು ಶುರು ಮಾಡಿತು. ಎದುರು ತಂಡದವರೂ ಸೋತೆವು ಅಂತ ಕೈ ತಟ್ಟುತ್ತಾ ನಡೆದು ಬರುತ್ತಿದ್ದರು. ಅವನು ಮಾತ್ರ ಡಿಸ್ಕ್ ಮಗುಚಿ ಅಂಚು ನೋಡಿದ. ಬಿಳಿ ಅಂಚಿನ ಮೇಲೆ ಬೆರಳುದ್ದ ಕೆಂಪು ಕೆಸರು. 'ಇಲ್ಲ, ಮೊದಲು ನೆಲ ಮುಟ್ತು, ಆಮೇಲೆ ಕೈಗೆ ಬಂತು' ಅಂದ. ಯಾರೂ ಕೇಳಿರಲಿಲ್ಲ, ಯಾರೂ ನೋಡಿರಲಿಲ್ಲ. ಡಿಸ್ಕ್ ಅಲ್ಲೇ ಇಟ್ಟು ರಕ್ಷಣೆಗೆ ನಿಂತ. ಎದುರಿನವರು ಅದನ್ನೆತ್ತಿಕೊಂಡು ಇಡೀ ಮೈದಾನ ದಾಟಿ ಪಾಯಿಂಟ್ ಹೊಡೆದು ಗೆದ್ದರು. ಆಮೇಲೆ ಗೆದ್ದವರಲ್ಲಿ ಒಬ್ಬ ಬಂದು ಅವನ ಮೊಣಕೈಯ ಕೆಸರು ಒರೆಸಿದ. ಅವತ್ತಿನಿಂದ ಆ ಹುಡುಗ 'ಕ್ಯಾಚ್' ಅಂದರೆ ನಾವು ಯಾರೂ ಎರಡನೇ ಮಾತು ಆಡುವುದಿಲ್ಲ.

ಇದಕ್ಕೆ ಆಟದಲ್ಲಿ ಸ್ಪಿರಿಟ್ ಅಂತ ಹೆಸರು, ಮತ್ತು ಇದಕ್ಕೂ ಅಂಕ ಇದೆ. ಟೂರ್ನಿಗಳಲ್ಲಿ ಪ್ರತಿ ಮ್ಯಾಚ್ ಮುಗಿದ ಮೇಲೆ ಎದುರು ತಂಡಕ್ಕೆ ಐದು ವಿಷಯದಲ್ಲಿ ಅಂಕ ಕೊಡುತ್ತಾರೆ: ನಿಯಮ ತಿಳಿದು ಆಡಿದರಾ, ಮೈ ತಾಗಿಸದೆ ಆಡಿದರಾ, ನ್ಯಾಯವಾಗಿ ನಡೆದುಕೊಂಡರಾ, ತಾಳ್ಮೆ ಇತ್ತಾ, ಮಾತು ಸರಿಯಾಗಿತ್ತಾ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ. ಮ್ಯಾಚ್ ಆದ ಮೇಲೆ ಎರಡೂ ತಂಡ ಹೆಗಲಿಗೆ ಕೈ ಹಾಕಿ ಒಂದೇ ವೃತ್ತವಾಗಿ ನಿಂತು ಮಾತಾಡುತ್ತದೆ. ಎಲ್ಲಾ ಕಡೆ ಹೀಗೇ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಹೊರಗಿನ ಒಂದು ಟೂರ್ನಿಯಲ್ಲಿ ಎದುರಾಳಿಗಳು ಪ್ರತಿ ಎಸೆತಕ್ಕೂ 'ಫೌಲ್' ಅಂತ ಕೂಗಿ, ಅರ್ಧ ಹೊತ್ತು ನಿಂತೇ ಕಳೆದ ಮ್ಯಾಚ್ ಆಡಿದ್ದೇನೆ. ತುಂಬಾ ಬೇಜಾರಾಗಿತ್ತು. ಅಂಥ ದಿನ ನಾವೂ ಹಾಗೇ ಮಾಡಬಾರದು ಅಂತ ಪಕ್ಕದವರಿಗೆ ಹೇಳುತ್ತಾ ಇರಬೇಕು, ಬೇರೆ ದಾರಿ ಇಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಇದು ಗಂಡು ಹೆಣ್ಣು ಒಟ್ಟಿಗೆ ಆಡುವ ಆಟ. ಮಿಕ್ಸೆಡ್ ವಿಭಾಗದಲ್ಲಿ ಏಳು ಜನರಲ್ಲಿ ನಾಲ್ಕು ಮೂರು ಅಂತ ಪಾಲು ಇರುತ್ತದೆ. ಆದರೆ ಪಿಕಪ್‌ನಲ್ಲಿ ಎಷ್ಟೋ ಸಲ ಹುಡುಗರು ಹುಡುಗರಿಗೇ ಎಸೆಯುತ್ತಾರೆ. ಖಾಲಿ ಜಾಗದಲ್ಲಿ ಒಬ್ಬಳೇ ಓಡುತ್ತಿರುವ ಹುಡುಗಿ ಕಣ್ಣಿಗೇ ಬೀಳುವುದಿಲ್ಲ. ಇದು ತಪ್ಪು, ನಾವು ಹಳಬರು ತಿದ್ದಬೇಕಾದ ತಪ್ಪು. ನೀವು ಸುಮ್ನೆ ಇರಬೇಡಿ. ಪಾಯಿಂಟ್ ಮುಗಿದ ಮೇಲೆ 'ನಾನು ಮೂರು ಸಲ ಖಾಲಿ ಇದ್ದೆ, ನೋಡಿ' ಅಂತ ನೇರವಾಗಿ ಹೇಳಿ. ಒಳ್ಳೆಯ ಗುಂಪಾದರೆ ಮುಂದಿನ ಪಾಯಿಂಟ್‌ನಲ್ಲೇ ಬದಲಾಗುತ್ತದೆ. ತಿಂಗಳಾದರೂ ಬದಲಾಗದಿದ್ದರೆ ಬೇರೆ ಗುಂಪು ಹುಡುಕಿ, ನಿಮ್ಮ ಭಾನುವಾರ ಅಷ್ಟು ಅಗ್ಗ ಅಲ್ಲ.

ವರ್ಷಗಳ ಮೇಲೆ ಮತ್ತೆ ಓಡುತ್ತಿದ್ದೀರಿ, ಹಾಗಾಗಿ ಮೊಣಕಾಲು, ಹರಡಿನ ಕಡೆ ಗಮನ ಇರಲಿ. ಓಡುವುದರಿಂದ ಅಲ್ಲ, ಗಕ್ಕನೆ ನಿಂತು ತಿರುಗುವುದರಿಂದ ಪೆಟ್ಟಾಗುವುದು. ಹತ್ತು ನಿಮಿಷ ಮೆತ್ತಗೆ ಓಡಿ ಮೈ ಬಿಸಿ ಮಾಡಿಕೊಳ್ಳದೆ ಒಳಗೆ ಇಳಿಯಬೇಡಿ. ಮೊದಲ ತಿಂಗಳು ಒಂದು ಪಾಯಿ‌ಂಟ್ ಆಡಿ, ಒಂದು ಪಾಯಿಂಟ್ ಹೊರಗೆ ಕೂತು ನೋಡಿ. ಇದರಲ್ಲಿ ನಾಚಿಕೆ ಏನಿಲ್ಲ, ಚಾಂಪಿಯನ್ ತಂಡಗಳೂ ಪ್ರತಿ ಪಾಯಿಂಟ್ ಆದ ಮೇಲೆ ಆಟಗಾರರನ್ನು ಬದಲಿಸುತ್ತವೆ. ಶುರುವಿಗೆ ಇರುವ ಓಡುವ ಶೂ ಸಾಕು. ಖಾಯಂ ಆದ ಮೇಲೆ ಫುಟ್‌ಬಾಲ್ ಸ್ಟಡ್ಸ್ ಕೊಳ್ಳಿ, ಕಬ್ಬಿಣದ ಮುಳ್ಳಿನ ಶೂ ಬೇಡ. ಬರಿಗಾಲು ಬೇಡವೇ ಬೇಡ, ನಮ್ಮ ಮೈದಾನಗಳಲ್ಲಿ ಮುಳ್ಳು, ಗಾಜು ಎರಡೂ ಇರುತ್ತವೆ.

ಫ್ಲಿಕ್ ಕಲಿಯುವಾಗ ಮಧ್ಯದ ಬೆರಳಿನ ಪಕ್ಕ ಚರ್ಮ ಕೆಂಪಾಗಿ ಸುಲಿಯುತ್ತದೆ. ಒಂದು ಸುತ್ತು ಟೇಪ್ ಹಾಕಿ, ಎರಡು ವಾರದಲ್ಲಿ ಗಟ್ಟಿಯಾಗುತ್ತದೆ. ಡಿಸ್ಕ್ ಬಂದ ದಿನವೇ ಅಳಿಸದ ಮಾರ್ಕರ್ ಪೆನ್ನಿನಿಂದ ಅದರ ಒಳಭಾಗದಲ್ಲಿ ನಿಮ್ಮಿಬ್ಬರ ಹೆಸರು ಬರೆದುಬಿಡಿ. ಮೈದಾನದಲ್ಲಿ ಎಲ್ಲರದ್ದೂ ಬಿಳಿಯದೇ ಇರುತ್ತದೆ. ಕತ್ತಲಾದ ಮೇಲೆ ಯಾರದ್ದು ಯಾವುದು ಅಂತ ಹುಡುಕುವಷ್ಟರಲ್ಲಿ ನಿಮ್ಮ ಮಂಡ್ಯದ ರೈಲು ಹೊರಟಿರುತ್ತದೆ.